ಹಳೆಯ ವೈಜ್ಞಾನಿಕ ಕಾದಂಬರಿಗಳ ಒಳ್ಳೆಯ ಪ್ರತಿಯನ್ನು ಆರಿಸುವ ಬಗೆ

ಹಳೆಯ ಇಂಗ್ಲಿಷ್ ವೈಜ್ಞಾನಿಕ ಕಾದಂಬರಿಯನ್ನು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ರಕ್ಷಾಪುಟವನ್ನೂ ಆಮೇಲೆ ಬೆಲೆಯನ್ನೂ ನೋಡುತ್ತಾರೆ. ಆದರೆ ಒಳಗಿರುವ ಪಠ್ಯ ಪೂರ್ತಿಯಾಗಿದೆಯೇ, ಲೇಖಕರು ಒಪ್ಪಿದ ರೂಪದಲ್ಲಿಯೇ ಇದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ವಿಚಾರಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಪ್ರಕಾರದ ಎಷ್ಟೋ ಕೃತಿಗಳು ಇಪ್ಪತ್ತನೆಯ ಶತಮಾನದ ನಡುವಿನ ದಶಕಗಳಲ್ಲಿ ಅಗ್ಗದ ಪೇಪರ್‌ಬ್ಯಾಕ್‌ಗಳಾಗಿ ಬಂದವು; ಪುಟಮಿತಿಗೆ ಹೊಂದಿಸಲು ಕೆಲವನ್ನು ಕತ್ತರಿಸಿದರು, ಕೆಲವಕ್ಕೆ ಹೆಸರನ್ನೇ ಬದಲಿಸಿದರು.

ಐಸಾಕ್ ಅಸಿಮೋವ್ ಅವರ ‘ಫೌಂಡೇಶನ್’ 1951ರಲ್ಲಿ ಪುಸ್ತಕವಾಗಿ ಬಂತು. 1955ರಲ್ಲಿ ಏಸ್ ಪ್ರಕಾಶನವು ಅದನ್ನು ಸಂಕ್ಷೇಪಿಸಿ, ‘ದಿ ಥೌಸಂಡ್ ಇಯರ್ ಪ್ಲಾನ್’ ಎಂಬ ಹೆಸರಿನಲ್ಲಿ, ಇನ್ನೊಬ್ಬ ಲೇಖಕರ ಕಾದಂಬರಿಯೊಂದಿಗೆ ಬೆನ್ನಿಗೆ ಬೆನ್ನು ಸೇರಿಸಿ ತಲೆಕೆಳಗಾಗಿ ಹೊಲಿದ ಜೋಡಿ ಪುಸ್ತಕವಾಗಿ ಹೊರತಂದಿತು. ಸಂಗ್ರಾಹಕರಿಗೆ ಇದು ಅಮೂಲ್ಯವಾದರೂ ಕಾದಂಬರಿಯನ್ನು ಮೊದಲ ಬಾರಿಗೆ ಓದುವವರಿಗೆ ತಕ್ಕ ಪ್ರತಿಯಲ್ಲ. ರೇ ಬ್ರಾಡ್‌ಬರಿ ಅವರ ‘ಫ್ಯಾರನ್‌ಹೀಟ್ 451’ರ ಸಂಗತಿ ಇನ್ನೂ ನೋವಿನದು. ಪುಸ್ತಕ ಸುಡುವುದರ ವಿರುದ್ಧ ಬರೆದ ಈ ಕಾದಂಬರಿಯ ಹಲವು ವಾಕ್ಯಗಳನ್ನು ಬ್ಯಾಲಂಟೈನ್ ಪ್ರಕಾಶನವು 1967ರಲ್ಲಿ ಶಾಲಾ ಆವೃತ್ತಿಗಾಗಿ ಬದಲಿಸಿತು. 1973ರ ನಂತರ ಕೆಲವು ವರ್ಷ ಅದರ ಪೇಪರ್‌ಬ್ಯಾಕ್‌ನಲ್ಲಿ ಈ ತಿದ್ದಿದ ಪಠ್ಯವೇ ಮುದ್ರಣವಾಯಿತು. ವಿಷಯ ಲೇಖಕರ ಗಮನಕ್ಕೆ ಬಂದ ಮೇಲೆ, 1979ರ ಹೊತ್ತಿಗೆ, ಮೂಲಪಠ್ಯವನ್ನು ಮತ್ತೆ ಅಳವಡಿಸಲಾಯಿತು. ಆದ್ದರಿಂದ ಎಪ್ಪತ್ತರ ದಶಕದ ಅಮೆರಿಕನ್ ಪ್ರತಿ ಕೈಗೆ ಸಿಕ್ಕಿದರೆ ಎಷ್ಟೇ ಹೊಸದಾಗಿ ಕಂಡರೂ ಅದನ್ನು ಓದಿಗಾಗಿ ಆರಿಸಬೇಡಿ. ರಾಬರ್ಟ್ ಹೈನ್‌ಲೈನ್ ಅವರ ‘ಸ್ಟ್ರೇಂಜರ್ ಇನ್ ಎ ಸ್ಟ್ರೇಂಜ್ ಲ್ಯಾಂಡ್’ 1961ರಲ್ಲಿ ಮೊಟಕುಗೊಂಡು ಬಂದು, 1991ರಲ್ಲಿ ಪೂರ್ಣವಾಗಿ ಪ್ರಕಟವಾಯಿತು. ಇಲ್ಲಿ ಮಾತ್ರ ಬಿಗಿಯಾದ ಮೊದಲ ರೂಪವನ್ನೇ ಮೆಚ್ಚುವ ಓದುಗರೂ ಇದ್ದಾರೆ.

ಅನುವಾದಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಜೂಲ್ಸ್ ವರ್ನ್ ಅವರ ಜಲಾಂತರ್ಗಾಮಿ ಕಾದಂಬರಿ ‘ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದಿ ಸೀ’ಯ ಅಗ್ಗದ ಇಂಗ್ಲಿಷ್ ಮುದ್ರಣಗಳಲ್ಲಿ ಅನೇಕವು 1870ರ ದಶಕದ ಮರ್ಸಿಯರ್ ಅನುವಾದವನ್ನೇ ಆಧರಿಸಿವೆ. ಅದರಲ್ಲಿ ಮೂಲದ ಐದನೆಯ ಒಂದು ಭಾಗಕ್ಕೂ ಹೆಚ್ಚು ಬಿಟ್ಟುಹೋಗಿದೆ, ವಿಜ್ಞಾನದ ವಿವರಗಳೂ ತಪ್ಪಾಗಿವೆ. ವಿಲಿಯಂ ಬುಚರ್ ಅವರು ಆಕ್ಸ್‌ಫರ್ಡ್ ಮಾಲಿಕೆಗಾಗಿ ಮಾಡಿದ ಅನುವಾದವನ್ನು ಹುಡುಕುವುದು ಲೇಸು. ಸ್ಟಾನಿಸ್ಲಾವ್ ಲೆಮ್ ಅವರ ‘ಸೊಲಾರಿಸ್’ನ 1970ರ ಇಂಗ್ಲಿಷ್ ರೂಪ ಪೋಲಿಷ್‌ನಿಂದ ನೇರವಾಗಿ ಬಂದದ್ದಲ್ಲ, ಫ್ರೆಂಚ್ ಅನುವಾದದಿಂದ ಬಂದದ್ದು, ನೇರ ಅನುವಾದಕ್ಕೆ 2011ರವರೆಗೆ ಕಾಯಬೇಕಾಯಿತು. ಅನುವಾದಕರ ಹೆಸರನ್ನೇ ಮುದ್ರಿಸದ ಪುಸ್ತಕವನ್ನು ನಾನು ಕೊಳ್ಳುವುದಿಲ್ಲ.

ಇಂಥ ವಿವರಗಳನ್ನು ತಿಳಿಯಲು 1995ರಿಂದ ನಡೆಯುತ್ತಿರುವ ‘ಇಂಟರ್ನೆಟ್ ಸ್ಪೆಕ್ಯುಲೇಟಿವ್ ಫಿಕ್ಷನ್ ಡೇಟಾಬೇಸ್’ಗಿಂತ ಉಪಯುಕ್ತವಾದ ಆಕರ ನನಗೆ ಗೊತ್ತಿಲ್ಲ. ಕೃತಿಯ ಆವೃತ್ತಿಗಳು, ವರ್ಷ, ಪುಟಸಂಖ್ಯೆ, ರಕ್ಷಾಪುಟದ ಚಿತ್ರ, ಬದಲಾದ ಹೆಸರುಗಳು ಎಲ್ಲವೂ ಅಲ್ಲಿ ಒಂದೆಡೆ ಸಿಗುತ್ತವೆ. ಮಾರಾಟಗಾರರು ಹೇಳುವ ಪುಟಸಂಖ್ಯೆಯನ್ನು ಅದರೊಂದಿಗೆ ಹೋಲಿಸಿ ನೋಡಿದರೆ ಸಂಕ್ಷಿಪ್ತ ಪ್ರತಿಯ ಸುಳಿವು ಬಹಳ ಬೇಗ ಸಿಗುತ್ತದೆ.

ಬೆಂಗಳೂರಿನಲ್ಲಿ ಹುಡುಕುವವರು ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಭಾರತವು ಬಹುಕಾಲ ಬ್ರಿಟಿಷ್ ಪ್ರಕಾಶಕರ ಮಾರುಕಟ್ಟೆಯಾಗಿದ್ದುದರಿಂದ ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್‌ಗಳಲ್ಲಾಗಲಿ, ಬ್ರಿಗೇಡ್ ರಸ್ತೆಯ ಬದಿಯ ಸೆಲೆಕ್ಟ್ ಪುಸ್ತಕದಂಗಡಿಯಲ್ಲಾಗಲಿ ಪೆಂಗ್ವಿನ್, ಪ್ಯಾನ್, ಕೋರ್ಗಿ, ಪ್ಯಾಂಥರ್, ಸ್ಫಿಯರ್ ಮುದ್ರೆಯ ಪೇಪರ್‌ಬ್ಯಾಕ್‌ಗಳು ಎದುರಾಗುವ ಸಂಭವವೇ ಹೆಚ್ಚು. ಹಾಗಾಗಿ ಬ್ರಿಟಿಷ್ ಹೆಸರುಗಳನ್ನೂ ತಿಳಿದುಕೊಂಡು ಹೋಗಬೇಕು: ಆಲ್‌ಫ್ರೆಡ್ ಬೆಸ್ಟರ್ ಅವರ ‘ದಿ ಸ್ಟಾರ್ಸ್ ಮೈ ಡೆಸ್ಟಿನೇಶನ್’ ಬ್ರಿಟನ್ನಿನಲ್ಲಿ ‘ಟೈಗರ್! ಟೈಗರ್!’ ಎಂದಿತ್ತು; ಜಾನ್ ವಿಂಡಮ್ ಅವರ ‘ದಿ ಕ್ರಿಸಲಿಡ್ಸ್’ ಅಮೆರಿಕದಲ್ಲಿ ‘ರೀ-ಬರ್ತ್’ ಆಗಿತ್ತು.

ಪಠ್ಯ ಸರಿಯೆಂದು ಖಚಿತವಾದ ಮೇಲೆ ಪುಸ್ತಕದ ದೇಹವನ್ನು ಪರೀಕ್ಷಿಸಿ. ಆ ಕಾಲದ ಪೇಪರ್‌ಬ್ಯಾಕ್‌ಗಳ ಕಾಗದದಲ್ಲಿ ಆಮ್ಲದ ಅಂಶ ಹೆಚ್ಚಾಗಿರುವುದರಿಂದ ಅಂಚು ಕಂದಾಗುವುದು ಸಹಜ, ಅದಕ್ಕೆ ಹಿಂಜರಿಯಬೇಕಾಗಿಲ್ಲ. ಆದರೆ ಪುಟದ ಮೂಲೆಯನ್ನು ಮೆಲ್ಲಗೆ ಬಾಗಿಸಿದಾಗ ಮುರಿಯುವಂತಿದ್ದರೆ ಆ ಪ್ರತಿ ಒಂದು ಓದನ್ನೂ ತಾಳಲಾರದು. ಪುಸ್ತಕವನ್ನು ನಡುಮಧ್ಯದಲ್ಲಿ ಪೂರ್ತಿ ಬಿಡಿಸದೆ ಅರ್ಧದಷ್ಟೇ ತೆರೆದು, ಬೆನ್ನಿನ ಅಂಟು ಒಣಗಿ ಸೀಳಿದೆಯೇ ಎಂದು ನೋಡಿ. ಮುಗ್ಗಲು ವಾಸನೆಯಿದ್ದರೆ ಕೊಳ್ಳದಿರುವುದೇ ಒಳ್ಳೆಯದು, ಏಕೆಂದರೆ ಆ ಬೂಷ್ಟು ಕಪಾಟಿನ ಉಳಿದ ಪುಸ್ತಕಗಳಿಗೂ ಹರಡಬಹುದು. ಕೊನೆಯ ಪುಟಗಳು ಇವೆಯೇ ಎಂದು ಎಣಿಸಿ ನೋಡಲು ಸಂಕೋಚಪಡಬೇಡಿ.

ದೂರದಿಂದ ತರಿಸುವಾಗ ‘ಗುಡ್’ ಎಂಬ ವಿವರಣೆಯನ್ನು ಅದರ ನಿತ್ಯದ ಅರ್ಥದಲ್ಲಿ ತೆಗೆದುಕೊಳ್ಳಬಾರದು. ಹಳೆಯ ಪುಸ್ತಕದ ವ್ಯಾಪಾರದಲ್ಲಿ ‘ಫೈನ್’, ‘ವೆರಿ ಗುಡ್’ ಆದ ಮೇಲೆ ಬರುವ ‘ಗುಡ್’ ಎಂದರೆ ಚೆನ್ನಾಗಿ ಸವೆದಿದ್ದರೂ ಓದಲು ಬರುವಂಥದ್ದು. ಕಾಪಿರೈಟ್ ಪುಟದ ಮತ್ತು ಬೆನ್ನಿನ ಛಾಯಾಚಿತ್ರಗಳನ್ನು ಕೇಳಿ ಪಡೆಯಿರಿ. ರಟ್ಟಿನ ಪ್ರತಿಯನ್ನು ಮೊದಲ ಮುದ್ರಣವೆಂದು ಹೇಳಿ ಹೆಚ್ಚಿನ ಬೆಲೆ ಕೇಳಿದರೆ, ಮೇಲುಹೊದಿಕೆಯ ಒಳಮಡಿಕೆಯಲ್ಲಿ ಬೆಲೆ ಅಚ್ಚಾಗಿದೆಯೇ ಎಂದು ವಿಚಾರಿಸಿ. ಅಮೆರಿಕದ ಬುಕ್ ಕ್ಲಬ್ ಪ್ರತಿಗಳಲ್ಲಿ, ಎಂದರೆ ಓದುಗರ ಸಂಘಗಳ ಸದಸ್ಯರಿಗಾಗಿ ಬೇರೆಯಾಗಿ ಮುದ್ರಿಸಿದ ಪ್ರತಿಗಳಲ್ಲಿ, ಸಾಮಾನ್ಯವಾಗಿ ಬೆಲೆ ಇರುವುದಿಲ್ಲ, ಡಬಲ್‌ಡೇ ಮುದ್ರಿಸಿದವುಗಳ ಕೊನೆಯ ಪುಟಗಳ ಒಳ ಅಂಚಿನಲ್ಲಿ ಅಕ್ಷರ ಮತ್ತು ಅಂಕೆಗಳ ಸಣ್ಣ ಸಂಕೇತವೂ ಇರುತ್ತದೆ. ಓದಿಗೆ ಈ ಕ್ಲಬ್ ಪ್ರತಿಗಳು ಬಹಳ ಒಳ್ಳೆಯವು, ಪೇಪರ್‌ಬ್ಯಾಕ್‌ಗಿಂತ ಗಟ್ಟಿಯಾದವು. ಆದರೆ ಅವಕ್ಕೆ ಮೊದಲ ಮುದ್ರಣದ ಬೆಲೆಯನ್ನು ತೆರಬೇಕಾಗಿಲ್ಲ.