ಹೆಲ್ಮೆಟ್ ತಗೊಳ್ಳೋಕೆ ಹೊರಟಿದ್ದೀರಾ? ಮೊದ್ಲು ತಲೆ ಅಳತೆ ತಗೊಳ್ಳಿ

ಹೆಲ್ಮೆಟ್ ಅಂಗಡಿಗೆ ಹೋದೋರು ಮೊದ್ಲು ಕೇಳೋದು ಕಲರ್ರು, ಆಮೇಲೆ ರೇಟು, ಸೈಜಿನ ವಿಷ್ಯ ಬರೋದು ಬಿಲ್ ಹಾಕೋ ಹೊತ್ತಿಗೆ. ಅಂಗಡಿಯವ್ರೂ ಅಷ್ಟೇ, "ನಿಮ್ಗೆ ಮೀಡಿಯಂ ಆಗುತ್ತೆ ಸಾರ್, ಸ್ವಲ್ಪ ದಿನ ಹಾಕಿದ್ರೆ ಸೆಟ್ ಆಗುತ್ತೆ" ಅಂತ ಒಂದನ್ನ ಕೈಗಿಟ್ಟು ಕಳಿಸ್ತಾರೆ. ಈ ಆರ್ಡರ್ ಪೂರ್ತಿ ಉಲ್ಟಾ ಆಗ್ಬೇಕು. ಮೊದ್ಲು ಅಳತೆ, ಆಮೇಲೆ ತಲೆ ಶೇಪು, ಆಮೇಲೆ ಐಎಸ್‌ಐ, ಆಮೇಲೆ ಗಾಳಿ, ಕೊನೇಲಿ ಕಲರ್. ಸಾವಿರದೈನೂರು ರೂಪಾಯಿದು ತಲೆಗೆ ಗಟ್ಟಿಯಾಗಿ ಕೂತಿದ್ರೆ, ತಲೆ ಮೇಲೆ ಲೊಡಲೊಡ ಅಲ್ಲಾಡೋ ಹತ್ತು ಸಾವಿರದ ಹೆಲ್ಮೆಟ್‌ಗಿಂತ ಎಷ್ಟೋ ವಾಸಿ.

ಮನೇಲೇ ಮಾಡ್ಬೇಕಾದ ಕೆಲ್ಸ

ಟೈಲರ್ ಟೇಪ್ ಇದ್ರೆ ಒಳ್ಳೇದು, ಇಲ್ಲಾಂದ್ರೆ ಒಂದು ದಾರ ಸುತ್ತಿ ಆಮೇಲೆ ಸ್ಕೇಲ್ ಮೇಲಿಟ್ಟು ನೋಡಿದ್ರೂ ಸಾಕು. ಹುಬ್ಬಿನ ಮೇಲೆ ಎರಡು ಬೆರಳಷ್ಟು ಬಿಟ್ಟು, ಕಿವಿ ಮೇಲಿಂದ ತಗೊಂಡು, ಹಿಂದೆ ತಲೆ ಉಬ್ಬಿರೋ ಜಾಗದ ಮೇಲೆ ಟೇಪ್ ಬರ್ಬೇಕು. ಟೇಪನ್ನ ಸ್ವಲ್ಪ ಮೇಲೆ ಕೆಳಗೆ ಮಾಡಿ ಒಂದೆರಡು ಸಲ ಅಳೀರಿ, ಅದ್ರಲ್ಲಿ ದೊಡ್ಡದಾಗಿ ಬಂದಿದ್ದೇ ನಿಮ್ಮ ಅಳತೆ. ಸಾಮಾನ್ಯವಾಗಿ 55-56 ಸೆಂ.ಮೀ. ಅಂದ್ರೆ ಸ್ಮಾಲ್, 57-58 ಮೀಡಿಯಂ, 59-60 ಲಾರ್ಜ್, 61-62 ಎಕ್ಸ್‌ಎಲ್. ಕೆಲವು ಹೆಲ್ಮೆಟ್ ಮೇಲೆ 580, 600 ಅಂತ ಮಿಲಿಮೀಟರಲ್ಲಿ ಬರ್ದಿರುತ್ತೆ, ಅದೂ ಇದೇ ಲೆಕ್ಕ. ಆದ್ರೆ ಒಂದು ಕಂಪನಿ ಮೀಡಿಯಂ ಇನ್ನೊಂದು ಕಂಪನಿ ಮೀಡಿಯಂ ತರ ಇರಲ್ಲ, ಹಂಗಾಗಿ ಅಳತೆ ಅನ್ನೋದು ಯಾವ ಸೈಜಿಂದ ಟ್ರೈ ಮಾಡೋಕೆ ಶುರು ಮಾಡ್ಬೇಕು ಅಂತ ತಿಳ್ಕೊಳ್ಳೋಕೆ ಅಷ್ಟೇ.

ಇನ್ನೊಂದು, ತಲೆ ಶೇಪು. ಇದನ್ನ ಯಾರೂ ನೋಡಲ್ಲ, ಅರ್ಧಕ್ಕರ್ಧ ತಲೆನೋವು ಬರೋದು ಇದ್ರಿಂದಾನೇ. ಕೂದ್ಲನ್ನ ನೀರು ಹಾಕಿ ಅಮುಕ್ಕೊಂಡು, ಮನೇಲಿ ಯಾರಿಗಾದ್ರೂ ಹೇಳಿ ಮೇಲಿಂದ ಒಂದು ಫೋಟೋ ತೆಗೆಸ್ಕೊಳ್ಳಿ. ಕೆಲವ್ರ ತಲೆ ಮುಂದೆ ಹಿಂದೆ ಉದ್ದ ಇರುತ್ತೆ, ಕೆಲವ್ರದ್ದು ಹೆಚ್ಚುಕಮ್ಮಿ ಗುಂಡಗೆ, ಜಾಸ್ತಿ ಜನ ಇವೆರಡರ ಮಧ್ಯ ಬರ್ತಾರೆ. ಉದ್ದ ತಲೆಯವ್ರು ಗುಂಡಗಿನ ಹೆಲ್ಮೆಟ್ ಹಾಕಿದ್ರೆ ಹಣೆ ಮಧ್ಯ ಒತ್ತುತ್ತೆ, ಕಿವಿ ಕಡೆ ಖಾಲಿ ಇರುತ್ತೆ. ಗುಂಡು ತಲೆಯವ್ರು ಉದ್ದದ ಹೆಲ್ಮೆಟ್ ಹಾಕಿದ್ರೆ ಕಿವಿ ಮೇಲ್ಗಡೆ ಎರಡೂ ಪಕ್ಕ ಹಿಡಿಯುತ್ತೆ, ಮುಂದೆ ಹಿಂದೆ ಆಡುತ್ತೆ. ಇಬ್ರಿಗೂ ಅಂಗಡಿಯವ್ರು ಹೇಳೋದು ಒಂದೇ, "ಒಂದು ಸೈಜ್ ದೊಡ್ಡದು ತಗೊಳ್ಳಿ" ಅಂತ. ತಗೋಬೇಡಿ. ಮಾಡೆಲ್ ಬದಲಾಯಿಸಿ, ಸೈಜ್ ಅಲ್ಲ.

ಅಂಗಡೀಲಿ ಹಾಕಿ ನೋಡೋದು

ಕೆಳಗಿನ ಬೆಲ್ಟ್ ಎರಡೂ ಕೈಲಿ ಹಿಡಿದು ಆ ಕಡೆ ಈ ಕಡೆ ಅಗಲಿಸಿ ತಲೆಗೆ ಇಳಿಸಿ. ಹೊಸ ಹೆಲ್ಮೆಟ್ ಹಾಕೋವಾಗ ಕಿವಿ ಸ್ವಲ್ಪ ಮಡಚ್ಕೊಂಡು ಕಿರಿಕಿರಿ ಆಗ್ಬೇಕು, ಸಲೀಸಾಗಿ ಟೋಪಿ ತರ ಇಳಿದು ಬಿಡ್ತು ಅಂದ್ರೆ ಅದು ನಿಮ್ಗೆ ದೊಡ್ಡದು. ಹಾಕಿದ್ಮೇಲೆ ಕೆನ್ನೆ ಎರಡೂ ಒಳಗೆ ಒತ್ತಿ, ಏನಾದ್ರೂ ಅಗಿಯೋಕೆ ಹೋದ್ರೆ ಕೆನ್ನೆ ಹಲ್ಲಿಗೆ ಸಿಗೋ ತರ ಇರ್ಬೇಕು. ಕನ್ನಡಿ ನೋಡಿ ಗಾಬರಿ ಆಗ್ಬೇಡಿ, ಎಲ್ರ ಮುಖಾನೂ ಹಂಗೇ ಉಬ್ಬಿಕೊಂಡು ಕಾಣುತ್ತೆ. ಕೆನ್ನೆ ಪ್ಯಾಡಿನ ಫೋಮು ದಿನ ಕಳೆದ ಹಾಗೆ ಕೂರುತ್ತೆ, ಸಡಿಲ ಆಗುತ್ತೆ. ಆದ್ರೆ ಹಣೆಗೆ ಒಂದೇ ಪಾಯಿಂಟಲ್ಲಿ ಒತ್ತೋದು ಯಾವತ್ತೂ ಸರಿಹೋಗಲ್ಲ, ಯಾಕಂದ್ರೆ ಅಲ್ಲಿ ತೆಳು ಬಟ್ಟೆ ಹಿಂದೆ ಇರೋದು ಗಟ್ಟಿ ಥರ್ಮೋಕೋಲು, ಅದು ನಿಮ್ಮ ತಲೆಗೆ ತಕ್ಕ ಹಾಗೆ ಬಗ್ಗಲ್ಲ. "ಸೆಟ್ ಆಗುತ್ತೆ" ಅನ್ನೋ ಮಾತು ಕೆನ್ನೆ ವಿಷ್ಯದಲ್ಲಿ ನಿಜ, ಹಣೆ ವಿಷ್ಯದಲ್ಲಿ ಸುಳ್ಳು.

ಈಗ ಗದ್ದದ ಭಾಗ ಹಿಡಿದು ಹೆಲ್ಮೆಟ್ಟನ್ನ ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿ, ತಲೆ ಅಲ್ಲಾಡಿಸ್ಬೇಡಿ. ಕೆನ್ನೆ ಹಣೆ ಚರ್ಮ ಅದ್ರ ಜೊತೆಗೇ ಎಳೆದುಕೊಂಡು ಬರ್ಬೇಕು, ಚರ್ಮ ನಿಂತಲ್ಲೇ ನಿಂತು ಹೆಲ್ಮೆಟ್ ಮಾತ್ರ ಜಾರಿದ್ರೆ ಪಕ್ಕಕ್ಕಿಡಿ. ಆಮೇಲೆ ಬೆಲ್ಟ್ ಹಾಕಿ, ಗದ್ದದ ಕೆಳಗೆ ಎರಡು ಬೆರಳು ಹೋಗೋಷ್ಟು ಜಾಗ ಬಿಟ್ಟು ಬಿಗಿ ಮಾಡಿ, ಜೊತೆಗೆ ಬಂದವ್ರಿಗೆ ಹೇಳಿ ಹಿಂದಿನ ಅಂಚು ಹಿಡಿದು ಮುಂದಕ್ಕೆ ಮೇಲಕ್ಕೆ ಎಳೀಲಿ. ಬೆಲ್ಟ್ ಹಾಕಿದ್ರೂ ಹಣೆ ಮೇಲಿಂದ ಕಳಚಿ ಬರುತ್ತೆ ಅಂದ್ರೆ ಆಕ್ಸಿಡೆಂಟಲ್ಲಿ ರೋಡಿಗೆ ತಲೆ ತಾಗೋಕೆ ಮುಂಚೇನೇ ಅದು ಹಾರಿ ಹೋಗಿರುತ್ತೆ.

ಇಷ್ಟಾದ್ಮೇಲೆ ತೆಗೀಬೇಡಿ, ಹಾಕ್ಕೊಂಡೇ ಅಂಗಡೀಲಿ ಕಾಲು ಗಂಟೆ ಓಡಾಡಿ, ಬೇರೆ ಮಾಡೆಲ್ ರೇಟ್ ಕೇಳಿ, ಫೋನಲ್ಲಿ ಮಾತಾಡಿ. ಜನ ನೋಡ್ತಾರೆ, ನೋಡ್ಲಿ. ತೆಗೆದ ತಕ್ಷಣ ಕನ್ನಡೀಲಿ ಹಣೆ ನೋಡ್ಕೊಳ್ಳಿ. ಹಣೆ ಪೂರ್ತಿ ಒಂದೇ ಸಮ ತಿಳಿಯಾಗಿ ಕೆಂಪಾಗಿದ್ರೆ ಚೆನ್ನಾಗಿ ಕೂತಿದೆ ಅಂತ, ಮಧ್ಯದಲ್ಲಿ ರೂಪಾಯಿ ನಾಣ್ಯದಷ್ಟು ಜಾಗ ಮಾತ್ರ ಕೆಂಪಗೆ ಕುಳಿ ಬಿದ್ದಿದ್ರೆ ಅದು ನಿಮ್ಮ ತಲೆದಲ್ಲ.

ಕನ್ನಡಕ ಹಾಕೋರು ಕನ್ನಡಕ ತಗೊಂಡೇ ಹೋಗಿ, ಹೆಲ್ಮೆಟ್ ಹಾಕಿದ್ಮೇಲೆ ಕಡ್ಡಿ ಒಳಗೆ ತೂರಿಸಿ ನೋಡಿ, ಕಿವಿ ಮೇಲೆ ಕಚ್ಚಿದ್ರೆ ಹತ್ತು ಕಿಲೋಮೀಟರಿಗೇ ತಲೆನೋವು ಶುರು. ಜಡೆ ಹಾಕೋರಿಗೆ ತೊಂದ್ರೆ ಇಲ್ಲ, ಆದ್ರೆ ತುರುಬು ಕಟ್ಟಿ ಅದ್ರ ಮೇಲೆ ಹೆಲ್ಮೆಟ್ ಹಾಕಿದ್ರೆ ಅದು ಮುಂದಕ್ಕೆ ವಾಲಿ ನಿಲ್ಲುತ್ತೆ, ಕ್ಲಿಪ್ಪಂತೂ ಒಳಗೆ ಇರ್ಲೇಬಾರ್ದು. ದಿನಾ ಗಾಡಿ ಓಡಿಸೋವಾಗ ಕೂದ್ಲು ಹೆಂಗಿರುತ್ತೋ ಹಂಗೇ ಹೋಗಿ ಟ್ರೈ ಮಾಡಿ.

ಐಎಸ್‌ಐ ಇದ್ಯಾ, ಅಸಲೀನಾ?

2021ರ ಜೂನ್ 1ರಿಂದ ದೇಶದಲ್ಲಿ ಐಎಸ್‌ಐ ಇಲ್ದೇ ಇರೋ ಟೂ ವೀಲರ್ ಹೆಲ್ಮೆಟ್ ಮಾರೋದೇ ಕಾನೂನುಬಾಹಿರ. ಆದ್ರೂ ಫ್ಲೈಓವರ್ ಕೆಳಗೆ, ಹೈವೇ ಪಕ್ಕ ಹಗ್ಗಕ್ಕೆ ನೇತಾಕಿ ಮುನ್ನೂರು ನಾನೂರಕ್ಕೆ ಮಾರ್ತಾನೇ ಇದಾರೆ, ಅದ್ರ ಮೇಲೂ ಐಎಸ್‌ಐ ಸ್ಟಿಕ್ಕರ್ ಇರುತ್ತೆ! ಅಸಲಿ ಮಾರ್ಕಲ್ಲಿ ಮೇಲೆ ಐಎಸ್ 4151 (ಹೆಲ್ಮೆಟ್ ಸ್ಟ್ಯಾಂಡರ್ಡಿನ ನಂಬರ್) ಅಂತಲೂ ಕೆಳಗೆ ಸಿಎಂ/ಎಲ್ ಅಂತ ಶುರುವಾಗೋ ಲೈಸೆನ್ಸ್ ನಂಬರೂ ಇರುತ್ತೆ. ಬಿಐಎಸ್ ಕೇರ್ ಅನ್ನೋ ಸರ್ಕಾರಿ ಆ್ಯಪ್ ಫೋನಿಗೆ ಹಾಕ್ಕೊಂಡು ಆ ನಂಬರ್ ಹೊಡೆದ್ರೆ ಯಾವ ಕಂಪನಿಗೆ ಕೊಟ್ಟಿರೋದು, ಲೈಸೆನ್ಸ್ ಇನ್ನೂ ಚಾಲ್ತೀಲಿದ್ಯಾ ಅಂತ ಅಲ್ಲೇ ಗೊತ್ತಾಗುತ್ತೆ, ಒಂದು ನಿಮಿಷದ ಕೆಲ್ಸ. ಬರೀ ಡಾಟ್ ಅಂತ ಸ್ಟಿಕ್ಕರ್ ಇರೋದಕ್ಕೆ ಮರುಳಾಗ್ಬೇಡಿ, ಅದು ಅಮೆರಿಕದ ಸ್ಟ್ಯಾಂಡರ್ಡು, ಅಲ್ಲಿ ಕಂಪನಿಯವ್ರೇ ನಮ್ದು ಪಾಸು ಅಂತ ಹಾಕ್ಕೊಳ್ಳೋದು, ಇಲ್ಲಿ ರೋಡ್ ಸೈಡಲ್ಲಂತೂ ಆ ಸ್ಟಿಕ್ಕರ್ ಹಾಳೆಗಟ್ಟಲೆ ಸಿಗುತ್ತೆ. ಐಎಸ್‌ಐ ಜೊತೆಗೆ ಯುರೋಪಿನ ಸ್ಟ್ಯಾಂಡರ್ಡ್ ಇಸಿಇ 22.06 ಕೂಡ ಇದ್ರೆ ಅದು ಬೋನಸ್, ತಲೆ ಓರೆಯಾಗಿ ಬಡಿದು ತಿರುಚಿಕೊಳ್ಳೋ ಏಟಿಗೂ ಅದ್ರಲ್ಲಿ ಟೆಸ್ಟ್ ಮಾಡ್ತಾರೆ.

ಅರ್ಧ ಟೋಪಿ ತರದ್ದು ಬೇಡ, ಕಿವಿ, ಕೆನ್ನೆ, ಗದ್ದ ಯಾವುದಕ್ಕೂ ಅದ್ರಿಂದ ರಕ್ಷಣೆ ಇಲ್ಲ. ನಮ್ಮ ಕರ್ನಾಟಕದಲ್ಲಿ ಹೆಲ್ಮೆಟ್ ಇಲ್ದಿದ್ರೆ ಫೈನು 500 ರೂಪಾಯಿ, ಹಿಂದೆ ಕೂತವ್ರಿಗೂ ಹೆಲ್ಮೆಟ್ ಬೇಕು ಅಂತ ರೂಲ್ ಬಂದಿದ್ದು 2016ರಲ್ಲಿ, ಅಂದ್ರೆ ಬಜೆಟ್ ಹಾಕೋವಾಗ್ಲೇ ಎರಡು ಹೆಲ್ಮೆಟ್ ಲೆಕ್ಕ ಹಾಕಿ. ನಿಮ್ಗೆ ನಾಲ್ಕು ಸಾವಿರದ್ದು ತಗೊಂಡು ಹೆಂಡ್ತಿಗೆ ಮುನ್ನೂರರದ್ದು ಕೊಡ್ಸೋ ಮಹಾನುಭಾವ್ರು ಬೇಕಾದಷ್ಟು ಜನ ಇದಾರೆ.

ಗಾಳಿ ಲೆಕ್ಕ

ಏರೋಡೈನಾಮಿಕ್ (ಗಾಳಿ ಸೀಳ್ಕೊಂಡು ಹೋಗೋ ಶೇಪು) ಅಂದ ತಕ್ಷಣ ರೇಸ್ ಬೈಕು ನೆನಪಾಗುತ್ತೆ, ಆದ್ರೆ ನಮ್ಗೆ ಅದ್ರಿಂದ ಸ್ಪೀಡ್ ಬರೋದೇನಿಲ್ಲ, ಕತ್ತು ನೋವು ಕಮ್ಮಿ ಆಗುತ್ತೆ ಅಷ್ಟೇ. ಗಾಳಿ ತಳ್ಳೋ ಬಲ ಸ್ಪೀಡಿನ ವರ್ಗದ ಲೆಕ್ಕದಲ್ಲಿ ಏರುತ್ತೆ, 40ರಲ್ಲಿ ಇದ್ದಿದ್ದು 80ಕ್ಕೆ ಹೋದ್ರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು, 100ಕ್ಕೆ ಆರು ಪಟ್ಟಿಗೂ ಜಾಸ್ತಿ. ಹಂಗಾಗಿ ದಿನಾ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಾಮಲ್ಲಿ ಆಮೆ ತರ ಹೋಗೋರು ಇದಕ್ಕೋಸ್ಕರ ಒಂದು ರೂಪಾಯಿ ಜಾಸ್ತಿ ಕೊಡೋದೂ ವೇಸ್ಟು, ಅವ್ರಿಗೆ ಗಾಳಿ ಆಡೋದು ಮುಖ್ಯ. ವಾರ ವಾರ ತುಮಕೂರು ರೋಡಲ್ಲಿ ದಾವಣಗೆರೆ, ಹುಬ್ಬಳ್ಳಿ ಕಡೆ ಹೋಗೋರು, ಹಾಸನದ ಮೇಲೆ ಊರಿಗೆ ಹೋಗೋರು ಇದನ್ನ ನೋಡ್ಲೇಬೇಕು. (ಮೈಸೂರು ಎಕ್ಸ್‌ಪ್ರೆಸ್‌ವೇ ಮಾತು ಬಿಡಿ, ಅದ್ರ ಮೇನ್ ರೋಡಿಗೆ 2023ರ ಆಗಸ್ಟಿಂದ ಬೈಕ್ ಬಿಡೋದೇ ಇಲ್ಲ, ಸರ್ವಿಸ್ ರೋಡೇ ಗತಿ.)

ಏನು ನೋಡ್ಬೇಕು ಅಂದ್ರೆ, ಚಿಪ್ಪು ನುಣ್ಣಗೆ, ಹಿಂದಕ್ಕೆ ಸ್ವಲ್ಪ ಚೂಪಾಗಿ ಹೋಗಿರ್ಬೇಕು, ಮೇಲೆ ಬೇಡದ ಕೊಂಬು, ರೆಕ್ಕೆ ಇರ್ಬಾರ್ದು. ಹಿಂದೆ ಸಣ್ಣ ಸ್ಪಾಯ್ಲರ್ (ಗಾಳಿ ಸರಿದು ಹೋಗೋಕೆ ಇರೋ ಏಣು) ಅಚ್ಚಲ್ಲೇ ಬಂದಿದ್ರೆ ಸರಿ, ಆದ್ರೆ ಕಮ್ಮಿ ರೇಟಿನ ಸುಮಾರು ಹೆಲ್ಮೆಟಲ್ಲಿ ಅದು ಬರೀ ಶೋಕಿಗೆ ಅಂಟಿಸಿರೋ ಪ್ಲಾಸ್ಟಿಕ್ಕು. ಮುಂದೆ ಕ್ಯಾಪ್ ತರ ಚಾಚಿರೋ ಛಜ್ಜಾ ಇರೋ ಆಫ್‌ರೋಡ್ ಸ್ಟೈಲ್ ಹೆಲ್ಮೆಟ್ ಈಗ ಫ್ಯಾಷನ್ನು, ನೋಡೋಕೆ ಮಸ್ತಾಗಿರುತ್ತೆ, ಹೈವೇಲಿ 80 ದಾಟಿದ್ರೆ ಆ ಛಜ್ಜಾ ಗಾಳಿ ಹಿಡಿದು ತಲೇನ ಮೇಲಕ್ಕೆತ್ತುತ್ತೆ, ಸೈಡ್ ನೋಡೋಕೆ ತಿರುಗಿದ್ರೆ ಕತ್ತು ಎಳೆಯುತ್ತೆ. ಅದೇ ಬೇಕು ಅಂತಿದ್ರೆ ಛಜ್ಜಾ ಬಿಚ್ಚೋಕೆ ಆಗೋ ಮಾಡೆಲ್ ತಗೊಳ್ಳಿ. ಮುಖ ಮೇಲೆತ್ತೋ ಫ್ಲಿಪ್‌ಅಪ್ ಕನ್ನಡಕದವ್ರಿಗೆ ಆರಾಮು, ಆದ್ರೆ ತೂಕ ಜಾಸ್ತಿ, ಜಾಯಿಂಟಲ್ಲಿ ಸದ್ದೂ ಜಾಸ್ತಿ.

ಗಾಳಿ ಸದ್ದು ಜಾಸ್ತಿ ಒಳಗೆ ಬರೋದು ಕೆಳಗಿಂದ, ಕತ್ತಿನ ಸಂದಿಯಿಂದ. ಹೆಲ್ಮೆಟ್ ಹಾಕಿ ಕೆಳ ಅಂಚಿನ ಸುತ್ತ ಬೆರಳು ಆಡ್ಸಿ, ಕೆನ್ನೆ ಕತ್ತಿನ ಹತ್ರ ಇಡೀ ಬೆರಳು ಸಲೀಸಾಗಿ ತೂರಿದ್ರೆ ಹೈವೇಲಿ ಭರ್ರೋ ಅಂತ ಕೂಗುತ್ತೆ. ಗ್ಲಾಸ್ ಮುಚ್ಚಿದಾಗ ಸುತ್ತ ಇರೋ ರಬ್ಬರಿಗೆ ಎಲ್ಲಾ ಕಡೆ ಕೂರುತ್ತಾ ನೋಡಿ. ಇನ್ನು ಬೈಕಿಗೆ ವಿಂಡ್‌ಶೀಲ್ಡ್ ಹಾಕ್ಸಿದ್ರೆ ಹೆಲ್ಮೆಟ್ ಅದುರೋದಕ್ಕೆ ಅದೇ ಕಾರಣ ಇರ್ಬಹುದು. ಖಾಲಿ ರೋಡಲ್ಲಿ ಹುಷಾರಾಗಿ ಸೀಟಿಂದ ಒಂಚೂರು ಮೇಲೆದ್ದು ನೋಡಿ, ಅದುರೋದು ನಿಂತ್ರೆ ತಪ್ಪು ಶೀಲ್ಡ್‌ದು, ಹೆಲ್ಮೆಟ್‌ದಲ್ಲ. ಅದು ಗೊತ್ತಿಲ್ದೇ ಒಳ್ಳೆ ಹೆಲ್ಮೆಟ್ ಮಾರ್ಕೊಂಡು ಇನ್ನೊಂದು ತಗೊಳ್ಳೋರಿದಾರೆ.

ತೂಕಾನೂ ಕೈಲೇ ನೋಡಿ, ಫುಲ್ ಫೇಸ್ (ಗದ್ದದ ತನಕ ಮುಚ್ಚೋ) ಹೆಲ್ಮೆಟ್ ಸುಮಾರಾಗಿ 1.3ರಿಂದ 1.6 ಕೆಜಿ ಇರುತ್ತೆ. ನೂರು ಗ್ರಾಂ ವ್ಯತ್ಯಾಸಕ್ಕೆ ಸಾವಿರ ರೂಪಾಯಿ ಕೊಡೋಕಿಂತ ಗಟ್ಟಿಯಾಗಿ ಕೂರೋದನ್ನ ಹುಡುಕಿ, ಸಡಿಲ ಇದ್ರೆ ಹಗುರದ್ದೂ ಭಾರ ಅನ್ಸುತ್ತೆ.

ದುಡ್ಡು ಎಲ್ಲಿ ಉಳಿಸ್ಬೇಕು, ಎಲ್ಲಿ ಬೇಡ

ಸಾವಿರದಿಂದ ಎರಡು ಸಾವಿರದೊಳಗೆ ಸಿಗೋ ಐಎಸ್‌ಐ ಫುಲ್ ಫೇಸ್‌ಗಳು ಹೆಚ್ಚಾಗಿ ಎಬಿಎಸ್ ಪ್ಲಾಸ್ಟಿಕ್ ಚಿಪ್ಪಿಂದು, ಮೇಲಕ್ಕೆ ಹೋದ ಹಾಗೆ ಪಾಲಿಕಾರ್ಬೊನೇಟ್, ಫೈಬರ್‌ಗ್ಲಾಸ್ ಬರುತ್ತೆ. ಸ್ಟಡ್ಸ್, ಸ್ಟೀಲ್‌ಬರ್ಡ್, ವೇಗಾ ಎಲ್ಲಾ ಈ ರೇಂಜಲ್ಲಿವೆ, ವೇಗಾ ಅಂತೂ ನಮ್ಮ ಬೆಳಗಾವೀದೇ ಕಂಪನಿ, ಆಕ್ಸರ್ ಅನ್ನೋ ಬ್ರ್ಯಾಂಡ್ ಕೂಡ ಅವ್ರದ್ದೇ. ಗ್ರಾಫಿಕ್ಸ್ ಇರೋದಕ್ಕೆ ಅದೇ ಚಿಪ್ಪು ಅದೇ ಥರ್ಮೋಕೋಲಿಗೆ ಜಾಸ್ತಿ ರೇಟ್ ಹಾಕ್ತಾರೆ, ಪ್ಲೇನ್ ಬಿಳಿ ತಗೊಂಡ್ರೆ ರಾತ್ರಿ ಲಾರಿಯವ್ರಿಗೂ ಕಾಣುತ್ತೆ, ರಾಯಚೂರು ಕಲಬುರಗಿ ಬಿಸಿಲಿಗೂ ವಾಸಿ.

ಗಾಳಿ ಕಿಂಡಿ ವಿಷ್ಯದಲ್ಲಿ ಒಂದು ಮೋಸ ಇದೆ. ಹೊರಗೆ ನಾಲ್ಕೈದು ಕಿಂಡಿ, ತೆಗೆದು ಮುಚ್ಚೋ ಬಟನ್ನು ಎಲ್ಲಾ ಇರುತ್ತೆ, ಒಳಗಿನ ಬಟ್ಟೆ ಬಿಚ್ಚಿ ನೋಡಿದ್ರೆ ಥರ್ಮೋಕೋಲಲ್ಲಿ ತೂತೇ ಇರಲ್ಲ! ಬಟ್ಟೆ ಬಿಚ್ಚೋಕೆ ಬರುತ್ತಾ ಅಂತ ಕೇಳಿ, ಬಿಚ್ಚಿ, ಕಿಂಡಿ ತೆಗೆದು ಫೋನ್ ಟಾರ್ಚ್ ಬಿಟ್ಟು ಬೆಳಕು ಒಳಗೆ ಬರುತ್ತಾ ನೋಡಿ. ಮುಂದಿನ ತೂತಿಂದ ಹಿಂದಿನ ತೂತಿಗೆ ಥರ್ಮೋಕೋಲಲ್ಲಿ ಕಾಲುವೆ ಕೊರೆದಿದ್ರೆ ಮಾತ್ರ ಗಾಳಿ ತಲೆ ಮೇಲೆ ಹರಿದು ಹೊರಗೆ ಹೋಗುತ್ತೆ.

ಗ್ಲಾಸು ಕ್ಲಿಯರ್ ಇರೋದೇ ತಗೊಳ್ಳಿ, ಕನ್ನಡಿ ತರ ಹೊಳೆಯೋ ಮರ್ಕ್ಯುರಿ ಗ್ಲಾಸು ಸಂಜೆ ಆದ್ರೆ ಕುರುಡು ಮಾಡುತ್ತೆ. ತಗೊಳ್ಳೋಕೆ ಮುಂಚೆ ಆ ಮಾಡೆಲಿಗೆ ಸ್ಪೇರ್ ಗ್ಲಾಸ್ ಸಿಗುತ್ತಾ, ಎಷ್ಟು ಅಂತ ಕೇಳಿ. ವರ್ಷದೊಳಗೆ ಗೀರು ಬಿದ್ದೇ ಬೀಳುತ್ತೆ, ಆವಾಗ ಸ್ಪೇರ್ ಸಿಗ್ಲಿಲ್ಲ ಅಂದ್ರೆ ಇಡೀ ಹೆಲ್ಮೆಟ್ ಮೂಲೆಗೆ ಹೋಗುತ್ತೆ. ಮಲೆನಾಡು ಕಡೆಯವ್ರು, ಮಳೇಲಿ ಓಡಾಡೋರು ಪಿನ್‌ಲಾಕ್ (ಗ್ಲಾಸ್ ಒಳಗೆ ಕೂರಿಸೋ ಇನ್ನೊಂದು ತೆಳು ಹಾಳೆ) ಹಾಕೋಕೆ ಆಗೋ ಗ್ಲಾಸ್ ನೋಡಿ, ಮಂಜು ಕಟ್ಟಲ್ಲ. ಬೆಲ್ಟಿನ ಲಾಕ್ ವಿಷ್ಯದಲ್ಲಿ ಎರಡು ರಿಂಗಿಂದು ಗಟ್ಟಿ, ಪ್ರತಿ ಸಲಾನೂ ಸರಿಯಾಗಿ ಬಿಗಿ ಆಗುತ್ತೆ, ಆದ್ರೆ ಸಿಗ್ನಲ್ ಸಿಗ್ನಲಿಗೂ ಬಿಚ್ಚಿ ಹಾಕೋ ಡೆಲಿವರಿ ಹುಡುಗ್ರಿಗೆ ಹಲ್ಲು ಹಲ್ಲಿರೋ ಪಟ್ಟಿ ಲಾಕೇ ಸರಿ. ಹಾಕದೇ ಬಿಡೋ ಒಳ್ಳೆ ಲಾಕಿಗಿಂತ ಹಾಕೋ ಸಾಧಾರಣ ಲಾಕ್ ಮೇಲು.

ಆನ್‌ಲೈನಲ್ಲಿ ನೂರಿನ್ನೂರು ಕಮ್ಮಿಗೆ ಸಿಗುತ್ತೆ ನಿಜ. ಬೆಂಗಳೂರಿನ ಜೆ.ಸಿ. ರೋಡಲ್ಲೋ ನಿಮ್ಮೂರಿನ ಅಂಗಡೀಲೋ ಮೊದ್ಲು ಅದೇ ಮಾಡೆಲ್ ಅದೇ ಸೈಜ್ ಹಾಕಿ ನೋಡಿದ್ರೆ ಮಾತ್ರ ಆರ್ಡರ್ ಮಾಡಿ. ಬಂದ್ಮೇಲೆ ಗ್ಲಾಸ್ ಮೇಲಿನ ಪ್ಲಾಸ್ಟಿಕ್ ಕೀಳದೇ ಮನೇಲೇ ಕಾಲು ಗಂಟೆ ಹಾಕ್ಕೊಂಡು ಕೂತು, ಹಣೆ ನೋಡ್ಕೊಂಡು, ಆಮೇಲೆ ಇಟ್ಕೊಳ್ಳೋದಾ ವಾಪಸ್ ಕಳ್ಸೋದಾ ಅಂತ ತೀರ್ಮಾನ ಮಾಡಿ.

ತಗೊಂಡ್ಮೇಲೆ ಬೈಕಿನ ಕನ್ನಡಿಗೆ ನೇತಾಕ್ಬೇಡಿ, ಕನ್ನಡಿ ತುದಿ ಒಳಗಿನ ಥರ್ಮೋಕೋಲನ್ನ ಒತ್ತಿ ಒತ್ತಿ ಗುಳಿ ಮಾಡುತ್ತೆ. ಪೆಟ್ರೋಲ್, ಥಿನ್ನರ್ ಹಾಕಿ ಒರೆಸ್ಬೇಡಿ, ಚಿಪ್ಪು ಒಳಗಿಂದೊಳಗೇ ಸೀಳುತ್ತೆ, ಸೋಪ್ ನೀರು ಸಾಕು. ಒಂದ್ಸಲ ತಲೆ ಸಮೇತ ಬಿದ್ದು ಏಟು ತಿಂದಿದ್ರೆ ಹೊರಗೆ ಗೀರು ಮಾತ್ರ ಕಂಡ್ರೂ ಬದಲಾಯಿಸಿ. ಥರ್ಮೋಕೋಲು ಜಜ್ಜಿ ಹೋಗಿ ಏಟು ತಡೆಯೋದು ಒಂದೇ ಸಲ, ಎರಡನೇ ಸಲಕ್ಕೆ ಅಲ್ಲಿ ಏನೂ ಉಳಿದಿರಲ್ಲ. ಅಂಥದ್ದನ್ನ ತಮ್ಮನಿಗೋ ಕೆಲ್ಸದವ್ರಿಗೋ ಕೊಡ್ಬೇಡಿ, ಬೆಲ್ಟ್ ಕತ್ತರಿಸಿ ಗುಜರಿಗೆ ಹಾಕಿ.