ಮಕ್ಕಳ ಪರ ವಾದಿಸುವುದು: ರಾಯಚೂರಿನ ನನ್ನ ಅನುಭವ

ವಕೀಲಿಕೆಯ ಶುರುವಿನಲ್ಲಿ ನಾನು ನಡೆಸುತ್ತಿದ್ದದ್ದು ಹೊಲ, ಮನೆ ಪಾಲಿನ ದಾವೆಗಳನ್ನು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ಸೇರಿದ ಮೇಲೆ ನೋಡಿಕೊಳ್ಳುವವರಿಲ್ಲದ ಮಕ್ಕಳು ಎಲ್ಲಿರಬೇಕು ಅಂತ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಬರುವ ಮಕ್ಕಳ ಕೆಲಸ ಬಂತು. ಈಗ ಅದೇ ಜಾಸ್ತಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಮಕ್ಕಳಿಗೆ ವಕೀಲರ ನೆರವು ಉಚಿತ. ಮನೆಯ ಆದಾಯ ಎಷ್ಟೇ ಇರಲಿ, ಸಿಗುತ್ತದೆ. ನಮ್ಮ ಕಡೆ ಇದು ಬಹಳ ಜನಕ್ಕೆ ಗೊತ್ತಿಲ್ಲ.

ಫೈಲಿನಲ್ಲಿ ಪೊಲೀಸರ ಪತ್ರ, ವೈದ್ಯರ ಚೀಟಿ, ಮನೆ ಪರಿಸ್ಥಿತಿ ವಿಚಾರಿಸಿ ಬರೆದ ಸಾಮಾಜಿಕ ತನಿಖಾ ವರದಿ ಎಲ್ಲ ಇರುತ್ತವೆ. ಮಗು ಏನಂದಿತು ಅನ್ನುವ ಕಡೆ ಮಾತ್ರ ಒಂದೆರಡು ಸಾಲು. ಹಾಗಾಗಿ ಮೊದಲು ನಾನು ಕೋಟು ಕಳಚಿಟ್ಟು ಮಗುವಿನ ಜೊತೆ ಕೂರುತ್ತೇನೆ. "ನಿನಗೆ ಏನು ಬೇಕು?" ಅಂತ ನೇರ ಕೇಳಿದರೆ ಮಕ್ಕಳು ದೊಡ್ಡವರಿಗೆ ಹಿಡಿಸುವ ಉತ್ತರ ಕೊಡುತ್ತಾರೆ. ಜ್ವರ ಬಂದಾಗ ಯಾರ ಹತ್ತಿರ ಹೋಗುತ್ತಿದ್ದೆ, ಹಬ್ಬಕ್ಕೆ ಯಾರ ಮನೆಗೆ ಅಂತ ಕೇಳಿದರೆ ಹತ್ತಿರದವರ ಹೆಸರು ತಾನಾಗೇ ಬರುತ್ತದೆ.

ಒಬ್ಬ ಅಕ್ಕ, ತಮ್ಮ. ಊರು, ವಯಸ್ಸು ಹೇಳುವುದಿಲ್ಲ. ಮಕ್ಕಳ ಗುರುತು ಹೊರಗೆ ಬಿಡಬಾರದು ಅಂತ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಇದೆ. ತಾಯಿ ತೀರಿಕೊಂಡಿದ್ದಳು. ಗುಳೆ ಹೋದ ತಂದೆಯ ಸುಳಿವಿಲ್ಲ. ಹುಡುಗಿ ಬಾಲಕಿಯರ ಬಾಲಮಂದಿರದಲ್ಲಿ, ಹುಡುಗ ಬಾಲಕರದ್ದರಲ್ಲಿ. ನಾನು ಏನು ಕೇಳಿದರೂ ಅವಳದ್ದು ಒಂದೇ ಪ್ರಶ್ನೆ: "ನಮ್ಮ ತಮ್ಮ ಯಾರ ಬಾಜೂ ಮಕ್ಕೊಂತಾನ್ರಿ?" ಆಮೇಲೆ ಊಟದ ಮಾತು ಬಂದಾಗ ಸಣ್ಣವ್ವನ ಹೆಸರು ಹೇಳಿದಳು. ಅವರ ತಾಯಿಯ ತಂಗಿ.

ಸಣ್ಣವ್ವನಿಗೆ ಸಾಕುವ ಮನಸ್ಸಿತ್ತು. ಕೂಲಿ ದುಡ್ಡಲ್ಲಿ ಇನ್ನೆರಡು ಹೊಟ್ಟೆ ಹೇಗೆ ಅನ್ನುವ ಹೆದರಿಕೆಯೂ ಇತ್ತು. 2015ರ ಅದೇ ಬಾಲನ್ಯಾಯ ಕಾಯ್ದೆಯ 3ನೇ ಕಲಂ, ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಅನ್ನುತ್ತದೆ. ಸಾಕು ಕುಟುಂಬಕ್ಕೆ ಕೊಡುವಾಗ ಒಡಹುಟ್ಟಿದವರನ್ನು ಒಟ್ಟಿಗೇ ಇಡಲು ಪ್ರಯತ್ನಿಸಬೇಕು ಅನ್ನುತ್ತದೆ 44ನೇ ಕಲಂ. ರಕ್ತಸಂಬಂಧಿಯ ಮನೆಗೆ ಕಳಿಸುವಾಗಲೂ ಅದೇ ನ್ಯಾಯ ಅಲ್ವಾ? ಇದನ್ನೇ ಬರೆದು ಸಮಿತಿಗೆ ಕೊಟ್ಟೆ, ಹುಡುಗಿ ಕೇಳಿದ ಪ್ರಶ್ನೆಯನ್ನು ಅವಳ ಮಾತಲ್ಲೇ ಸೇರಿಸಿದೆ. ಇಬ್ಬರನ್ನೂ ಸಣ್ಣವ್ವನ ಮನೆಗೆ ಕಳಿಸುವ ಆದೇಶವಾಯಿತು.

ಇನ್ನು ಖರ್ಚಿಗೆ ಪ್ರಾಯೋಜಕತ್ವ, ಅಂದರೆ ಮಗುವನ್ನು ಸಾಕಲು ಸರ್ಕಾರ ಕೊಡುವ ಸಹಾಯಧನ. ಮಕ್ಕಳ ರಕ್ಷಣೆಗಿರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಹಳ್ಳಿಯ ಕುಟುಂಬವಾದರೆ ವರ್ಷದ ಆದಾಯ 72,000 ರೂಪಾಯಿ ಮೀರಿರಬಾರದು. ಆದರೆ ಹುಡುಗ ಹುಟ್ಟಿದ್ದು ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡಿನಲ್ಲಿ. ಜನನ ಪ್ರಮಾಣಪತ್ರ ಇರಲಿಲ್ಲ. ಗುಳೆ ಹೋಗುವವರ ಮಕ್ಕಳಲ್ಲಿ ಈ ತೊಡಕು ಮತ್ತೆ ಮತ್ತೆ ಬರುತ್ತದೆ. ವಯಸ್ಸು ತೋರಿಸಲು ತಾಯಿ ಕಾರ್ಡು, ಅಂಗನವಾಡಿ ರಿಜಿಸ್ಟರು ಹುಡುಕಿ ತೆಗೆಯಬೇಕು. ಇದು ಗುಮಾಸ್ತರ ಕೆಲಸ ಅಂತ ಕೆಲವು ವಕೀಲರು ಬಿಟ್ಟುಬಿಡುತ್ತಾರೆ. ನನಗೆ ಕೇಸಿನ ಜೀವವೇ ಇದು.

ಹೊಸಬರು ಇನ್ನೊಂದು ತಿಳಿದಿರಬೇಕು. ಸಮಿತಿಯ ಆದೇಶದ ಮೇಲೆ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಬಹುದು. ಸಾಕು ಕುಟುಂಬ, ಪ್ರಾಯೋಜಕತ್ವದ ಆದೇಶಗಳಾದರೆ ಮಾತ್ರ ಜಿಲ್ಲಾ ಮ್ಯಾಜಿಸ್ಟ್ರೇಟರ ಮುಂದೆ, ಅಂದರೆ ಜಿಲ್ಲಾಧಿಕಾರಿಗಳ ಹತ್ತಿರ. ತಪ್ಪು ಬಾಗಿಲಿಗೆ ಹೋದರೆ ದಿನ ಸುಮ್ನೆ ಕಳೆದುಹೋಗುತ್ತವೆ.

ಆದೇಶ ಕೈಗೆ ಬಂತು ಅಂತ ಫೈಲ್ ಕಟ್ಟಿಡಬೇಡಿ. ಹಣದ ಮೊದಲ ಕಂತು ಬ್ಯಾಂಕಿಗೆ ಬರುವ ತನಕ, ಶಾಲೆಯ ವರ್ಗಾವಣೆ ಪತ್ರ ಸಿಗುವ ತನಕ ಬೆನ್ನು ಹತ್ತಿ. ಹಣ ತಡವಾಯಿತು ಅಂತ ಸಾಕುವವರು ಮಕ್ಕಳನ್ನು ವಾಪಸ್ ತಂದು ಬಿಡುವುದು ಆ ನಡುವಿನ ತಿಂಗಳುಗಳಲ್ಲೇ.