ಸುದ್ದಿ ಆ್ಯಪ್ ಹಾಕಿದ್ದೀರಾ? ಹತ್ತು ನಿಮಿಷ ಕೂತು ಹದ ಮಾಡಿಕೊಳ್ಳಿ

ವಿಜಯಪುರ ಜಿಲ್ಲೆಯ ಟಿಕೋಟಾ ಕಡೆ ನಮ್ಮ ಕಾಕಾನ ದ್ರಾಕ್ಷಿ ತೋಟ. ಶೆಡ್ಡಿನಲ್ಲಿ ಹಣ್ಣು ಒಣಹಾಕಿದ ಮೇಲೆ ಒಂದು ಅಕಾಲಿಕ ಮಳೆ ಬಿದ್ದರೆ ಸಾಕು, ಒಣದ್ರಾಕ್ಷಿ ಕಪ್ಪಾಗುತ್ತದೆ, ದರ ಇಳಿಯುತ್ತದೆ. ಹಾಗಾಗಿ ಅವರಿಗೆ ಬೇಕಾಗಿದ್ದು ಎರಡೇ ಸುದ್ದಿ, ಮಳೆ ಮತ್ತು ದರ. ಮಗ ಹೊಸ ಫೋನ್ ಕೊಡಿಸಿ, ಅದರಲ್ಲೊಂದು ಸುದ್ದಿ ಆ್ಯಪ್ ಹಾಕಿಕೊಟ್ಟು ಪುಣೆಗೆ ಹೋದ. ವಾರ ಬಿಟ್ಟು ನಾನು ಹೋದಾಗ ಕಾಕಾ ಚಹಾ ಕೊಡುವ ಮೊದಲೇ ಫೋನ್ ಕೊಟ್ಟರು.

"ತಮ್ಮಾ, ಇದೇನ್ ಬರೀ ಸಿನಿಮಾದವರ ಮದುವಿ ತೋರಸಾಕತ್ತೈತಿ? ಮಳಿ ಎಲ್ಲೈತಿ ಇದರಾಗ?"

ಮಗ ಆ್ಯಪ್ ಹಾಕಿದ್ದ, ಹದ ಮಾಡಿರಲಿಲ್ಲ. ಅವತ್ತು ಕಟ್ಟೆ ಮೇಲೆ ಕೂತು ನಾವಿಬ್ಬರೂ ಏನೇನು ಮಾಡಿದೆವೋ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮದು ಆಂಡ್ರಾಯ್ಡ್ ಫೋನ್. ಐಫೋನ್ ಇದ್ದರೆ ಬಟನ್‌ಗಳ ಜಾಗ ಬೇರೆ, ಕೆಲಸ ಅದೇ.

ಯಾವುದು, ಎಲ್ಲಿಂದ?

ಸುದ್ದಿ ಆ್ಯಪ್‌ಗಳಲ್ಲಿ ಎರಡು ಥರ. ಪ್ರಜಾವಾಣಿ, ವಿಜಯ ಕರ್ನಾಟಕದ ಹಾಗೆ ಪತ್ರಿಕೆಯವರದ್ದೇ ಆ್ಯಪ್ ಒಂದು. ಹತ್ತಾರು ಪತ್ರಿಕೆ, ಚಾನೆಲ್‌ಗಳ ಸುದ್ದಿಯನ್ನು ಒಂದೇ ಕಡೆ ತಂದು ಸುರಿಯುವ ಡೈಲಿಹಂಟ್‌ನಂಥದ್ದು ಇನ್ನೊಂದು. ಕೀಪ್ಯಾಡ್ ಫೋನಿನ ಕಾಲ ನೆನಪಿದ್ದವರಿಗೆ ಇದು ನ್ಯೂಸ್‌ಹಂಟ್ ಅಂದರೆ ಬೇಗ ಗೊತ್ತಾದೀತು. 2009ರಲ್ಲಿ ಆ ಹೆಸರಲ್ಲಿ ಶುರುವಾಗಿ 2015ರಲ್ಲಿ ಡೈಲಿಹಂಟ್ ಆಯಿತು. ಪತ್ರಿಕೆಯ ಆ್ಯಪ್‌ನಲ್ಲಿ ಸುದ್ದಿ ಬರೆದವರು ಯಾರು ಅಂತ ಕೇಳಬೇಕಾಗಿಲ್ಲ. ಎರಡನೆಯದರಲ್ಲಿ ರಾಶಿ ಜಾಸ್ತಿ, ಆದರೆ ಕಲ್ಲು ಕಡ್ಡಿ ಆರಿಸಿ ಹಸನು ಮಾಡಿಕೊಳ್ಳುವುದು ನಮ್ಮ ಕೆಲಸ. ಹೊಸಬರು ಒಂದೊಂದು ಹಾಕಿಕೊಂಡು ನೋಡಲಿ ಅನ್ನುತ್ತೇನೆ.

ಪ್ಲೇ ಸ್ಟೋರ್ ತೆರೆದು ಮೇಲಿನ ಹುಡುಕುವ ಜಾಗದಲ್ಲಿ ಹೆಸರು ಬರೆಯಿರಿ. ಬರೆಯೋದು ಕಷ್ಟ ಆದರೆ ಮೈಕ್ ಗುರುತು ಒತ್ತಿ ಬಾಯಲ್ಲೇ ಹೇಳಿ. ಮೊದಲು ಕಾಣಿಸಿದ್ದೇ ನಿಮಗೆ ಬೇಕಾದ ಆ್ಯಪ್ ಅಂದುಕೊಳ್ಳಬೇಡಿ, ಎಷ್ಟೋ ಸಲ ಅದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಆ್ಯಪ್ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಕಂಪನಿ ಹೆಸರು ಇರುತ್ತದೆ. ಅದನ್ನು ಓದಿ ಆಮೇಲೆ ಇನ್‌ಸ್ಟಾಲ್ ಒತ್ತಿ.

ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳಿಸಿದ ಎಪಿಕೆ ಫೈಲ್ (ಪ್ಲೇ ಸ್ಟೋರ್ ಬಿಟ್ಟು ಹೊರಗಿನಿಂದ ಆ್ಯಪ್ ಹಾಕುವ ಫೈಲ್) ಮಾತ್ರ ಮುಟ್ಟಲೇಬೇಡಿ. ಮದುವೆ ಆಮಂತ್ರಣ, ಗಾಡಿ ದಂಡದ ಚಲನ್, ಪಿಎಂ ಕಿಸಾನ್ ಅಂತೆಲ್ಲ ಹೆಸರು ಹೊತ್ತು ಬರುವ ಈ ಫೈಲ್‌ಗಳು ಫೋನ್ ಒಳಗೆ ಕೂತು ಓಟಿಪಿ ಕದಿಯುತ್ತವೆ, ಬ್ಯಾಂಕ್ ಖಾತೆ ಖಾಲಿ ಮಾಡುತ್ತವೆ. ಕಳಿಸಿದವರು ಬೀಗರೇ ಆಗಿರಲಿ, ಅವರ ಫೋನೇ ಕಳ್ಳರ ಕೈಯಲ್ಲಿರಬಹುದು.

ಕೇಳಿದ್ದಕ್ಕೆಲ್ಲ ಹೂಂ ಅನ್ನಬೇಡಿ

ಮೊದಲ ಸಲ ತೆರೆದಾಗ ಆ್ಯಪ್ ಭಾಷೆ ಕೇಳುತ್ತದೆ. ಕನ್ನಡ ಒತ್ತಿ. ಗಡಿ ಭಾಗದ ನಮ್ಮಲ್ಲಿ ಮರಾಠಿಯೂ ಓದುವವರಿದ್ದಾರೆ, ಎರಡು ಭಾಷೆ ಆರಿಸುವ ಅವಕಾಶ ಇದ್ದರೆ ಆರಿಸಿ. ಲಾಗಿನ್ ಕೇಳಿದರೆ ಮೂಲೆಯಲ್ಲಿ ಸ್ಕಿಪ್ ಇದೆಯಾ ನೋಡಿ, ಸುಮ್ನೆ ಓದೋಕೆ ಸಾಮಾನ್ಯವಾಗಿ ಲಾಗಿನ್ ಬೇಡ.

ಆಮೇಲೆ ಅನುಮತಿಗಳ ಸಾಲು. ಕಾಂಟ್ಯಾಕ್ಟ್ ನೋಡಲಾ ಅಂತ ಕೇಳಿದರೆ ಬೇಡ ಅನ್ನಿ. ಸುದ್ದಿ ಓದೋಕೆ ನಿಮ್ಮ ಬೀಗರ ನಂಬರ್ ಯಾಕೆ ಬೇಕು? ಲೊಕೇಶನ್ ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು. ಕೊಡದಿದ್ದರೂ ಜಿಲ್ಲೆಯನ್ನು ಕೈಯಾರೆ ಆರಿಸಿಕೊಳ್ಳಬಹುದು.

ಕಾಕಾನ ಫೋನಿನಲ್ಲಿ ಎಡವಟ್ಟಾಗಿದ್ದು ಇಲ್ಲೇ. ಮಗ ಪಟ್ಟಿಯಲ್ಲಿ ವಿಜಯಪುರ ಅಂತ ನೋಡಿ ಒತ್ತಿದ್ದ. ಸುದ್ದಿ ಬರುತ್ತಿದ್ದದ್ದು ದೇವನಹಳ್ಳಿ ತಾಲ್ಲೂಕಿನ ವಿಜಯಪುರದ್ದು! ಕಾಕಾ ವಾರಪೂರ್ತಿ ಬೆಂಗಳೂರು ವಿಮಾನ ನಿಲ್ದಾಣದ ಸುತ್ತಲಿನ ಸುದ್ದಿ ಓದಿದ್ದರು. ಊರಿನ ಹೆಸರಿನ ಪಕ್ಕದಲ್ಲಿ ಜಿಲ್ಲೆಯ ಹೆಸರನ್ನೂ ನೋಡಿಯೇ ಒತ್ತಿ. ಇನ್ನೊಂದು ಮಾತು. ಬಿಜಾಪುರ ವಿಜಯಪುರ ಆಗಿದ್ದು, ಬೆಲ್ಗಾಮ್ ಬೆಳಗಾವಿ ಆಗಿದ್ದು 2014ರ ನವೆಂಬರ್ 1ರಂದು. ಹಳೆಯ ಸುದ್ದಿ ಹುಡುಕುವಾಗ ಬಿಜಾಪುರ, ಬೆಲ್ಗಾಮ್ ಅಂತಲೂ ಹಾಕಿ ನೋಡಿ.

ಒತ್ತಿದ್ದೇ ಬರುತ್ತದೆ

ನೀವು ಯಾವ ಸುದ್ದಿ ಒತ್ತುತ್ತೀರಿ, ಎಷ್ಟು ಹೊತ್ತು ನೋಡುತ್ತೀರಿ ಅನ್ನುವುದನ್ನು ಆ್ಯಪ್ ಲೆಕ್ಕ ಇಡುತ್ತದೆ. ಅಂಥದ್ದನ್ನೇ ಮತ್ತೆ ತಂದು ಬಡಿಸುತ್ತದೆ. ಒಂದು ಸಲ ಕುತೂಹಲಕ್ಕೆ ನಟಿಯ ಮದುವೆ ಫೋಟೊ ಒತ್ತಿದಿರೋ, ಮರುದಿನ ನಾಲ್ಕು ಮದುವೆ. ಬೇಡವಾದ ಸುದ್ದಿಯ ಪಕ್ಕದ ಮೂರು ಚುಕ್ಕೆ ಒತ್ತಿದರೆ ಇಂಥದ್ದು ಬೇಡ ಎನ್ನುವ ಆಯ್ಕೆ ಸಿಗುತ್ತದೆ. ಮೊದಲ ವಾರ ಬೇಜಾರಿಲ್ಲದೆ ಅದನ್ನು ಒತ್ತುತ್ತಾ ಹೋಗಿ.

ಬೇಕಾದದ್ದನ್ನು ನೀವೇ ಹೆಸರು ಹಿಡಿದು ಹುಡುಕಿ, ಫಾಲೋ ಬಟನ್ ಇದ್ದರೆ ಒತ್ತಿ. ಕಾಕಾನಿಗೆ ಒಣದ್ರಾಕ್ಷಿ, ಹವಾಮಾನ, ವಿಜಯಪುರ ಎಪಿಎಂಸಿ ಹಾಕಿಕೊಟ್ಟೆ. ಇಂಡಿಯವರಾದರೆ ಲಿಂಬೆ ಸೇರಿಸಬಹುದು. ಜಮಖಂಡಿ ಕಡೆ ಹೊಳೆ ದಂಡೆಯವರು ಕೃಷ್ಣಾ ಜೊತೆಗೆ ಮಹಾರಾಷ್ಟ್ರದ ಕೊಯ್ನಾ ಅಂತಲೂ ಹಾಕಿಕೊಳ್ಳಲಿ, ಅಲ್ಲಿ ನೀರು ಬಿಟ್ಟರೆ ಇಲ್ಲಿಗೇ ತಾನೇ ಬರೋದು. ಸವದತ್ತಿಯವರಿಗೆ ನವಿಲುತೀರ್ಥ ಜಲಾಶಯ, ಹುಕ್ಕೇರಿಯವರಿಗೆ ಹಿಡಕಲ್ ಜಲಾಶಯ.

ಟಿಣ್ ಟಿಣ್ ಅನ್ನುವ ನೋಟಿಫಿಕೇಶನ್ ಕಾಟಕ್ಕೆ ಸುಲಭ ಉಪಾಯ ಇದೆ. ಬಂದ ನೋಟಿಫಿಕೇಶನ್ ಮೇಲೆ ಬೆರಳು ಒತ್ತಿ ಹಿಡಿಯಿರಿ. ಅಲ್ಲೇ ಸದ್ದಿಲ್ಲದೆ ಬರುವ ಹಾಗೂ ಮಾಡಬಹುದು, ಪೂರ್ತಿ ನಿಲ್ಲಿಸಲೂಬಹುದು. ಆ್ಯಪ್‌ನ ಸೆಟ್ಟಿಂಗ್ಸ್ ಒಳಗೆ ಹೋಗಿ ವಿಡಿಯೊ ತಾನೇ ಓಡುವುದನ್ನು ನಿಲ್ಲಿಸಿ, ದಿನದ ಡೇಟಾ ಸಂಜೆವರೆಗೂ ಬರುತ್ತದೆ. ಅಕ್ಷರದ ಗಾತ್ರವನ್ನೂ ಅಲ್ಲೇ ದೊಡ್ಡದು ಮಾಡಿ. ಇದೊಂದಕ್ಕೇ ಕಾಕಾ ನನ್ನ ಬೆನ್ನು ತಟ್ಟಿದರು.

ಆಲಮಟ್ಟಿ ತುಂಬಿತಂತೆ, ಹೌದಾ?

ತಲೆಬರಹ ಓದಿ ಫಾರ್ವರ್ಡ್ ಮಾಡುವ ಚಟ ನನಗೂ ಇತ್ತು. ಈಗ ಮೂರು ಜಾಗ ನೋಡುತ್ತೇನೆ: ಯಾವ ಪತ್ರಿಕೆಯದ್ದು, ಯಾವ ದಿನಾಂಕದ್ದು, ಪ್ರಾಯೋಜಿತ ಅಂತ ಬರೆದಿದೆಯಾ. ಪ್ರಾಯೋಜಿತ ಅಂದರೆ ಅದು ಸುದ್ದಿ ವೇಷದ ಜಾಹೀರಾತು.

ದಿನಾಂಕದ್ದೇ ದೊಡ್ಡ ಮೋಸ. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಬಂದ ಪ್ರವಾಹದ ವಿಡಿಯೊ ಮಳೆಗಾಲದಲ್ಲಿ ಮತ್ತೆ ಈಗಿನದ್ದು ಅಂತ ನಮ್ಮ ಗ್ರೂಪ್‌ಗಳಿಗೆ ಬರುತ್ತದೆ. ಆಲಮಟ್ಟಿ ತುಂಬಿ ತುಳುಕಿತು ಅನ್ನುವ ಸುದ್ದಿ ಕಂಡರೆ ಒಳಗೆ ಹೋಗಿ ಅಂಕಿ ಹುಡುಕಿ. ಜಲಾಶಯದ ಪೂರ್ಣ ಮಟ್ಟ 519.60 ಮೀಟರ್. ಇವತ್ತಿನ ಮಟ್ಟ ಎಷ್ಟು, ಒಳಹರಿವು ಎಷ್ಟು, ಹೊರಹರಿವು ಎಷ್ಟು ಕ್ಯುಸೆಕ್ ಅಂತ ಇದ್ದರೆ ಅದು ಸುದ್ದಿ. ಅಯ್ಯೋ, ಅಬ್ಬಾ ಅಷ್ಟೇ ಇದ್ದರೆ ಮುಚ್ಚಿಬಿಡಿ.

ಮೂರು ದಿನ ಬಿಟ್ಟು ಕಾಕಾನ ಫೋನ್ ಬಂತು. "ಮಳಿ ಸುದ್ದಿ ಬರ್ತೈತಿ. ಆದ್ರ ಮತ್ತ ಧಾರಾವಾಹಿ ಸುರು ಆಗೇತಿ ನೋಡು."

"ರಾತ್ರಿ ಫೋನ್ ಯಾರ ಕೈಯಾಗ ಇರ್ತೈತ್ರಿ ಕಾಕಾ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದಿನಿಂದ ಚಿಗವ್ವ ನಗುವುದು ಕೇಳಿಸಿತು. ಮುಂದಿನ ಭಾನುವಾರ ಹೋಗಿ ಅದೇ ಫೋನಿನಲ್ಲಿ ಇನ್ನೊಂದು ಆ್ಯಪ್ ಹಾಕಿಕೊಟ್ಟು ಬಂದೆ. ನೀಲಿ ಗುರುತಿನದು ಕಾಕಾನದು, ಕೆಂಪು ಗುರುತಿನದು ಚಿಗವ್ವಂದು.